ಮುಟ್ಟಬಾರದ ಕಡಲು

ಅಮ್ಮಾ,

ರಜೆಗೆಂದು ಬಂದ ನಿನ್ನ ಪುಕ್ಕಲು ಮಗಳು ಇವತ್ತು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕೆ ಇಳಿದಿದ್ದಳು!

"ಇದು ಸಂರಕ್ಷಿತ ಜಾಗ. ಏನನ್ನೂ ಮುಟ್ಬೇಡಿ, ಕೈ ಕಟ್ಕೊಂಡೇ ಇರಿ" ಅಂದಿದ್ದ ಗೈಡ್. ಕಟ್ಟಿಕೊಂಡೇ ಇದ್ದೆ. ಬಂಡೆಯ ಸಂದಿಯಿಂದ ಒಂದು ಆಕ್ಟೋಪಸ್ ತೋಳು ಚಾಚಿ ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿತು. ಉಗುರು ಕತ್ತರಿಸುವ ಮುಂಚೆ ನೀನು ಹಿಡಿದು ನೋಡುತ್ತಿದ್ದೆಯಲ್ಲ, ಥೇಟ್ ಹಾಗೇ.

ಮೇಲೆ ಬಂದೊಡನೆ ಗೈಡ್ ರೇಗಿದ. "ಮುಟ್ಬೇಡಿ ಅಂತ ಹೇಳಿರ್ಲಿಲ್ವಾ?"

"ನಾನಲ್ಲಪ್ಪಾ, ಅದೇ ಬಂದು ಮುಟ್ಟಿದ್ದು!"

ನಿನ್ನ ಕೊನೆಯ ದಿನ ಆಸ್ಪತ್ರೆಯ ನರ್ಸ್ ಕೂಡ ಅದನ್ನೇ ಹೇಳಿದ್ದಳು: "ಸೋಂಕು ತಗಲುತ್ತೆ, ಮುಟ್ಬೇಡಿ." ನೀನು ಹಾಸಿಗೆಯಿಂದ ಕೈ ಚಾಚಿದ್ದೆ.

ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ.