ಹಸಿರು ಕಾಗದದ ಮೂರನೆಯ ಸಾಲು

ತಂಪುಮನೆ ಬೀದಿ, ಹುಬ್ಬಳ್ಳಿ
ಫೆಬ್ರವರಿ ೩೦, ೨೧೬೪

ಪೂಜ್ಯ ಸಂಪದಾ ಮುಳಗುಂದ ಅವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವಿಲ್ಲ, ನಮ್ಮದಕ್ಕಿದೆ. ಸರ್ಕಾರ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನನ್ನ ಕಾಲದಿಂದ ಹಿಂದಕ್ಕೆ, ನಿಮ್ಮ ಕಾಲಕ್ಕೆ ಈ ಪತ್ರ ಹೇಗೆ ತಲುಪುತ್ತದೆಂದು ಬರೆದರೆ ಕಳಿಸುವವರಿಗೆ ತೊಂದರೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತಿಳಿಯದು. ನಾನು ನಿಮ್ಮ ಮಗಳು, ಆದರೆ ನೀವು ನನ್ನನ್ನು ಹೆತ್ತಿಲ್ಲ.

ಮಕ್ಕಳಾಗಲಿಲ್ಲವೆಂದು ನೀವೂ ನಿಮ್ಮ ಯಜಮಾನರೂ ಆಸ್ಪತ್ರೆಗೆ ಹೋದಿರಿ. ಗಾಜಿನ ತಟ್ಟೆಯಲ್ಲಿ ಮೂರು ಭ್ರೂಣಗಳಾದವು. ಮೊದಲನೆಯದು ನಿಮ್ಮ ಗರ್ಭದಲ್ಲಿ ಬೆಳೆದು ಮಗನಾಯಿತು. ಉಳಿದೆರಡನ್ನು ಹೆಪ್ಪುಗಟ್ಟಿಸಿಟ್ಟು, ನಿಮ್ಮ ಕೈಗೆ ಹಸಿರು ಕಾಗದವೊಂದನ್ನು ಕೊಟ್ಟರು. ಒಂದೊಂದು ಭ್ರೂಣಕ್ಕೂ ಒಂದೊಂದು ಸಾಲು: ಉಳಿಸಬೇಕೇ, ಸಂಶೋಧನೆಗೆ ಕೊಡಬೇಕೇ, ನಾಶಮಾಡಬೇಕೇ? ಮೊದಲ ಸಾಲನ್ನು ನರ್ಸ್ ತುಂಬಿದ್ದರು. ನೀವು ಕೆಳಗೆ ಸಹಿ ಹಾಕಿ ಉಳಿದೆರಡು ಸಾಲುಗಳನ್ನು ಖಾಲಿ ಬಿಟ್ಟಿರಿ. ಹಾಲು ಕುಡಿಯುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಂಥದ್ದನ್ನು ಬರೆಯಲು ಯಾರಿಗೆ ಮನಸ್ಸು ಬಂದೀತು? ಲಕ್ಷಾಂತರ ಜನ ಹಾಗೆಯೇ ಮಾಡಿದರು.

ಆಗ ಗರ್ಭಪಾತದ ಬಗ್ಗೆ, ಭ್ರೂಣದ ಕಾಂಡಕೋಶಗಳ ಬಗ್ಗೆ ಲೋಕವೆಲ್ಲ ವಾದ ಮಾಡುತ್ತಿತ್ತು. ಮೊದಲ ದಿನದಿಂದಲೇ ಅದು ಜೀವ ಎಂದು ಒಂದು ಕಡೆ, ಹೆಣ್ಣಿನ ಒಡಲು ಹೆಣ್ಣಿನದೇ ಎಂದು ಇನ್ನೊಂದು ಕಡೆ. ಎರಡೂ ಕಡೆಯವರು ಗಂಟಲು ಹರಿದುಕೊಳ್ಳುವಾಗ ಖಾಲಿ ಕಾಗದಗಳು ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮ ಕಾಲ ಮುಗಿದ ಮೇಲೆ ಕಾನೂನು ಆ ಖಾಲಿ ಸಾಲುಗಳ ಮೂಲಕವೇ ಒಳಗೆ ಬಂತು. ಖಾಲಿ ಸಾಲಿನ ಭ್ರೂಣವನ್ನು 'ಮೌನಕೂಸು' ಎಂದರು, ಅಂದರೆ ಸರ್ಕಾರದ ಪಾಲನೆಯ ಮಗು. ಮಗುವಾದ ಮೇಲೆ ಅದಕ್ಕೆ ಹುಟ್ಟುವ ಹಕ್ಕು ಬಂತು. ಹುಟ್ಟಲು ಒಡಲು ಬೇಕಲ್ಲ, ಅದಕ್ಕೆ 'ಹೊರೆಸರದಿ' ಬಂತು: ಹತ್ತೊಂಬತ್ತು ತುಂಬಿದ ಪ್ರತಿ ಹುಡುಗಿಯೂ ಒಂದು ಮೌನಕೂಸನ್ನು ಹೊತ್ತು ಹೆರಬೇಕು. ರಕ್ತಸಂಬಂಧಿಯಿದ್ದರೆ ಅವಳಿಗೇ ಮೊದಲು ಎಂಬ ನಿಯಮ ನನ್ನ ಸರದಿ ಮುಗಿದ ಮೇಲೆ ಬಂತು.

ಹೊರಗಿನಿಂದ ನೋಡಿದರೆ ನಮ್ಮ ಬದುಕು ಸೌಮ್ಯವಾಗಿಯೇ ಇದೆ. ಊರ ಮಧ್ಯದ ತಂಪುಮನೆಯಲ್ಲಿ ಮೌನಕೂಸುಗಳ ಉಕ್ಕಿನ ಹಂಡೆಗಳಿವೆ. ಬೇಸಿಗೆಯಲ್ಲಿ ಅವು ತಣ್ಣಗಿರಲೆಂದು ಮನೆಗಳ ಕರೆಂಟು ತೆಗೆಯುತ್ತಾರೆ, ನಾವು ಬೀಸಣಿಗೆ ಹಿಡಿದು ಕೂರುತ್ತೇವೆ. ಎಳ್ಳಮಾವಾಸ್ಯೆಗೆ ಹಂಡೆಗಳ ಮುಂದೆ ಹೋಳಿಗೆ ಇಡುತ್ತೇವೆ. ಸರದಿ ಬಂದ ಹುಡುಗಿಯ ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಾರೆ. ಬಸ್ಸಿನಲ್ಲಿ ಅವಳನ್ನು ಕಂಡರೆ ಎಲ್ಲರೂ ಎದ್ದು ಜಾಗ ಕೊಡುತ್ತಾರೆ, ಎಲ್ಲಿ ಇಳಿದಳೆಂದು ಬರೆದಿಟ್ಟುಕೊಳ್ಳುತ್ತಾರೆ. ಗರ್ಭ ಇಳಿಯುತ್ತದೆಂದು ಪಪ್ಪಾಯಿ ಗಿಡಗಳನ್ನೆಲ್ಲ ನಾನು ಹುಟ್ಟುವ ಮೊದಲೇ ಕಡಿದರು. ಅದರ ರುಚಿ ನನಗೆ ಗೊತ್ತಿಲ್ಲ.

ಎರಡನೆಯ ಸಾಲಿನ ಮೌನಕೂಸು ನಾನು. ನನ್ನನ್ನು ಹೊತ್ತು ಸಾಕಿದವಳು ದ್ಯಾಮವ್ವ, ಮೆಣಸಿನಕಾಯಿ ಆರಿಸುವ ಕೆಲಸದವಳು. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ದ್ಯಾಮವ್ವ ನನ್ನನ್ನು ಒಮ್ಮೆಯೂ ಹೊಡೆಯಲಿಲ್ಲ, ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಹೀಗಾಗಿ ನನ್ನ ಅಭಿಪ್ರಾಯ ಯಾವ ಕಡೆಗೂ ಸರಿಯಾಗಿ ಹೊಂದುವುದಿಲ್ಲ. ಭ್ರೂಣ ಬರೀ ತೊಟ್ಟು ನೀರೆಂದು ನಾನು ಹೇಳಲಾರೆ, ಹೇಳಿದರೆ ನನ್ನನ್ನೇ ಅಲ್ಲಗಳೆದಂತೆ. ದ್ಯಾಮವ್ವನ ಒಡಲು ದ್ಯಾಮವ್ವನದಲ್ಲ ಎಂದೂ ಹೇಳಲಾರೆ. ಆಕೆಯ ಮುಖ ನೋಡಿಕೊಂಡು ಬೆಳೆದವಳು ನಾನು.

ಈಗ ನನ್ನ ಮಗಳು ಹೊನ್ನಿಗೆ ಹತ್ತೊಂಬತ್ತು. ಚಿಕ್ಕಂದಿನ ಜ್ವರದಿಂದ ಅವಳ ಹೃದಯದ ಕವಾಟ ಕೆಟ್ಟಿದೆ. ಹೆರಿಗೆ ತಾಳಲಾರಳೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆದರೂ ಮೊನ್ನೆ ಮೂರನೆಯ ಸಾಲಿನ ಗಂಡುಕೂಸನ್ನು ಅವಳ ಹೆಸರಿಗೆ ಹಚ್ಚಿದರು. ದಾರ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಹಿಡಿದು, "ಅವ್ವಾ, ನಿನ್ನ ತಮ್ಮಗ ನಾ ತಾಯಿ ಆಗಬೇಕೇನು?" ಎಂದಷ್ಟೇ ಕೇಳಿದಳು. ನಾನು ಕಚೇರಿಗೆ ಹೋಗಿ ಅಂಗಲಾಚಿದೆ. ಅಧಿಕಾರಿ ಕೆಟ್ಟವನಲ್ಲ, ಕುಡಿಯಲು ನೀರು ತರಿಸಿಕೊಟ್ಟ. "ಕೂಸಿನ ತಾಯಿ ಒಂದಕ್ಷರ ಬರದಿಟ್ಟಿದ್ರ ಮುಗೀತಿತ್ರಿ ಬಾಯಾರ. ಖಾಲಿ ಐತಿ, ನಾ ಏನ್ ಮಾಡ್ಲಿ?" ಎಂದ. ಹಸಿರು ಕಾಗದದ ಮೇಲಿನ ಕೈಬರಹವನ್ನು ಮೀರುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಬರುವ ಹತ್ತನೆಯ ತಾರೀಖಿಗೆ ಕೂಸನ್ನು ಅವಳೊಳಗೆ ಇಡುತ್ತಾರೆ. ಇಟ್ಟ ಮೇಲೆ ತೆಗೆದ ವೈದ್ಯರಿಗೆ ಜೀವಾವಧಿ ಶಿಕ್ಷೆ.

ನನ್ನ ಬೇಡಿಕೆ ಇಷ್ಟೇ. ನಾಳೆಯೇ ಆಸ್ಪತ್ರೆಗೆ ಹೋಗಿ ಆ ಕಾಗದವನ್ನು ಕೇಳಿ ಪಡೆಯಿರಿ. ಮೂರನೆಯ ಸಾಲಿನಲ್ಲಿ 'ಸಂಶೋಧನೆಗೆ' ಎಂದು ಬರೆಯಿರಿ. ಅದರ ಕೋಶಗಳಿಂದ ನಿಮ್ಮ ಕಾಲದ ಯಾರದೋ ಹೃದಯ ಸುಧಾರಿಸುವ ದಾರಿ ಸಿಕ್ಕೀತು. ಆದರೂ ಆ ಕೂಸು ನನ್ನ ಒಡಹುಟ್ಟು, ಅದರ ಹಂಡೆಯ ಮುಂದೆ ಮೂವತ್ತು ವರ್ಷ ಹೋಳಿಗೆ ಇಟ್ಟಿದ್ದೇನೆ.

ಎರಡನೆಯ ಸಾಲನ್ನೂ ಖಾಲಿ ಬಿಡಬೇಡಿ, ಬಿಟ್ಟರೆ ಅದು ದ್ಯಾಮವ್ವನ ಒಡಲಿಗೇ ಬೀಳುತ್ತದೆ. ಅಲ್ಲಿ 'ನಾಶ' ಎಂದು ಬರೆದರೆ ನಾನಿರುವುದಿಲ್ಲ, ಹೊನ್ನಿಯೂ ಇರುವುದಿಲ್ಲ. ಏನು ಬರೆಯಬೇಕೆಂದು ಹೇಳುವ ಧೈರ್ಯ ನನಗಿಲ್ಲ. ದ್ಯಾಮವ್ವನನ್ನು ಒಮ್ಮೆ ನೆನೆದು, ನಿಮಗೆ ಸರಿ ಕಂಡದ್ದನ್ನು ಬರೆಯಿರಿ.

ಇರಾವತಿ