ಗಡಿಯಾರ ಹಿಂದಕ್ಕೆ ಹೋದ ಭಾನುವಾರ

ಸೆಟಲ್, ಯಾರ್ಕ್‌ಶೈರ್
ಮಾರ್ಚ್ 30, ಸೋಮವಾರ

ಪ್ರೀತಿಯ ಕ್ಲಿಫ್,

ಹೇಗಿದ್ದೀಯ? ತಲೆನೋವು ಇಳಿದಿದೆಯೇ? ನಿದ್ದೆ ಬರುತ್ತಿದೆಯೇ? ಮಗಳ ಮನೆಯ ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಗೊಣಗುತ್ತಿದ್ದೀಯಂತೆ. ಗೊಣಗು, ನೀನು ಗೊಣಗಿದರೆ ನನಗೆ ಸಮಾಧಾನ. ಸುಮ್ಮನೆ ಕಿಟಕಿ ನೋಡುತ್ತ ಕೂತಿದ್ದೀಯ ಎಂದು ಕೇಳಿದಾಗಲೇ ಭಯವಾಗುವುದು. ಕ್ರಿಸ್‌ಮಸ್ ಹೊತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಜಾರಿ ತಲೆಗೆ ಏಟು ಮಾಡಿಕೊಂಡಾಗಿನಿಂದ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ ಅಂದಿದ್ದೀಯಲ್ಲ, ಅದಕ್ಕೇ ಇದನ್ನು ಜಿಲ್ ಓದಿ ಹೇಳುತ್ತಾಳೆ. ಜಿಲ್, ಮಗಳೇ, ನಿಧಾನವಾಗಿ ಓದು. ನ್ಯೂಕಾಸಲ್‌ಗೆ ಹೋದಮೇಲೆ ನಿನ್ನ ಮಾತು ರೈಲು ಹಿಡಿಯುವವರ ಹಾಗಾಗಿದೆ.

ಗುರುವಾರ ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ: ಮರೆವು ಶುರುವಾದದ್ದು ಯಾವಾಗ? ಹೋದ ಸಲ ಮೂವರೂ ಒಂದೇ ಬಾಯಲ್ಲಿ ಹೇಳಿದೆವು, ಬಿದ್ದ ಮೇಲೆ ಎಂದು. ಬಿದ್ದ ಮೇಲೆ ಬಂದದ್ದಾದರೆ ತಿಂಗಳು ಕಳೆದಂತೆ ತಲೆ ತಿಳಿಯಾಗಬಹುದು, ಮೊದಲೇ ಇದ್ದದ್ದಾದರೆ ಅದು ಬೇರೆ ಕಾಯಿಲೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಹೊರಗೆ ಬಂದಾಗ ನೀನು ನನ್ನ ತೋಳು ಹಿಡಿದು, "ಹಾಗಾದ್ರೆ ಆ ಹಾಳು ಮೆಟ್ಟಿಲಿಗೆ ಒಂದು ಥ್ಯಾಂಕ್ಸ್ ಹೇಳ್ಬೇಕು ಕಣೇ" ಅಂದೆ. ಆ ಒಂದು ತಮಾಷೆಯನ್ನು ನೆಚ್ಚಿಕೊಂಡೇ ಇಷ್ಟು ದಿನ ದೂಡಿದ್ದೇನೆ.

ಇನ್ನು ನಮ್ಮ ಗಾಲಿಯ ಮೇಲಿನ ಮನೆಯ, ಕ್ಯಾರವಾನಿನ ಸುದ್ದಿ. ಒಳ್ಳೆಯದಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನನ್ನು ಅಲ್ಲಿ ಬಿಟ್ಟು ನಾನು ಬರಬೇಕಾದದ್ದೇ ಮೆಟ್ಕಾಫ್‌ನ ಕಾಟಕ್ಕೆ. "ಕುರಿಗಳು ಮರಿ ಹಾಕ್ತಾ ಇವೆ ಮುರಿಯಲ್, ಕೊಟ್ಟಿಗೆ ಬೇಕು, ನಿಮ್ಮ ಗಾಡಿ ತೆಗೀರಮ್ಮ" ಎಂದು ಅವನ ಒಂದೇ ರಾಗ. ಅವನ ಜಾಗದಲ್ಲಿ ಚಳಿಗಾಲಪೂರ್ತಿ ನಿಲ್ಲಿಸಿಕೊಂಡಮೇಲೆ ಜಗಳಕ್ಕೆ ಯಾವ ಬಾಯಿ? ನಿನ್ನೆ ಬೇಸಿಗೆ ಕಾಲಮಾನಕ್ಕೆಂದು ದೇಶದ ಗಡಿಯಾರವೆಲ್ಲ ಒಂದು ಗಂಟೆ ಮುಂದಕ್ಕೆ ಹೋದ ಭಾನುವಾರ, ಅಂದರೆ ನಿನ್ನ ಪಂಚಾಂಗದ ಪ್ರಕಾರ ಗಾಡಿ ತೆರೆಯುವ ದಿನ. ಅಕ್ಟೋಬರಿನಲ್ಲಿ ಗಡಿಯಾರ ಹಿಂದಕ್ಕೆ ಹೋದ ಭಾನುವಾರ ಚಳಿಗೆ ಹೆಪ್ಪುಗಟ್ಟಿ ಪೈಪು ಒಡೆಯದಿರಲಿ ಎಂದು ನಲ್ಲಿ ತೆರೆದಿಟ್ಟು ನೀರು ಬಸಿದು ಮುಚ್ಚುವುದು, ಮಾರ್ಚಿನಲ್ಲಿ ಮುಂದಕ್ಕೆ ಹೋದ ಭಾನುವಾರ ನೀರು ತುಂಬಿ ಹೊರಡಿಸುವುದು. ಮದುವೆಯಾದಾಗಿನಿಂದ ಈ ಎರಡು ಭಾನುವಾರ ಚರ್ಚಿಗೆ ಹೋದದ್ದೇ ನೆನಪಿಲ್ಲ. ನೀನು ಒಳಗೆ ತೂರಿಕೊಂಡು ಪೈಪುಗಳನ್ನು ಬೈಯುತ್ತಿದ್ದೆ, ನಾನು ಹೊರಗೆ ಚಹಾದ ಫ್ಲಾಸ್ಕು ಹಿಡಿದು ಕುರಿಗಳ ಜೊತೆ ನಿಂತಿರುತ್ತಿದ್ದೆ. ಹೋದ ಅಕ್ಟೋಬರಿನಲ್ಲಿ ಮಾತ್ರ ನನಗೆ ಕೆಮ್ಮು, ಜ್ವರ ಎಂದು ನೀನೊಬ್ಬನೇ ಹೋಗಿ ಬಂದಿದ್ದೆ.

ನಿನ್ನೆ ನಮ್ಮ ಬೀದಿಯ ಟೆರಿಯನ್ನು ಕರೆದುಕೊಂಡು ಹೋದೆ. ನಲವತ್ತು ವರ್ಷ ಕ್ಯಾರವಾನ್ ರಿಪೇರಿ ಮಾಡಿದವನು, ನಿನಗಿಂತ ಜೋರಾಗಿ ಬೈಯುವವನು. ಬಾಗಿಲು ತೆಗೆದ ತಕ್ಷಣ ಒದ್ದೆ ನಾಯಿಯ ವಾಸನೆ. ಸಿಂಕಿನ ಮುಂದೆ ಕಾಲಿಟ್ಟರೆ ಪಾದ ಮೆತ್ತಗೆ ಒಳಗೆ ಹೋಯಿತು. ಟೆರಿ ತೇವ ಅಳೆಯುವ ಯಂತ್ರವನ್ನು ಗೋಡೆಗೆ ಹಿಡಿದದ್ದೇ ತಡ, ಅದು ಕಿರುಚಲು ಶುರುವಿಟ್ಟಿದ್ದು ನಿಲ್ಲಲೇ ಇಲ್ಲ. "ಇದು ನೆಲ ಅಲ್ಲ ಕಣಮ್ಮ, ಚಹಾದಲ್ಲಿ ಅದ್ದಿದ ಬಿಸ್ಕತ್ತು" ಅಂದ. ಹೆಪ್ಪುಗಟ್ಟಿದ ನೀರು ಬಾಯ್ಲರನ್ನು ಸೀಳಿದೆ, ಕೆಳಗಿನ ಟ್ಯಾಂಕು ಬಿರುಕು ಬಿಟ್ಟಿದೆ, ಮಂಜು ಕರಗಿದ ದಿನದಿಂದ ಅಷ್ಟೂ ನೀರು ನೆಲಕ್ಕೆ ಇಳಿದಿದೆ. ಪಾಪ, ಅವನು ಸುಮ್ಮನೆ ಕೈಚೆಲ್ಲಲಿಲ್ಲ. ಬಾಯ್ಲರನ್ನು ಬೇರ್ಪಡಿಸಿ, ಒಡೆದ ಪೈಪಿಗೆ ಪಟ್ಟಿ ಬಿಗಿದು, ಹೊರಗಿನ ಬಕೆಟ್ಟಿನಿಂದ ಸ್ವಲ್ಪ ನೀರು ಬಿಟ್ಟ. ಕಪಾಟಿನ ಹಿಂದೆ ಸೋರಿತು. ಅದಕ್ಕೆ ಪಟ್ಟಿ ಬಿಗಿದ. ಹಾಸಿಗೆಯ ಕೆಳಗಿನಿಂದ ಬಂತು. ಮಧ್ಯಾಹ್ನಪೂರ್ತಿ ನಾನು ಟಾರ್ಚು ಹಿಡಿದಿದ್ದೆ, ಅವನು ಮಂಡಿಯೂರಿ ನೀರಿನ ಹಿಂದೆ ಹರಿದಾಡಿದ. ಕೊನೆಗೆ ಮೆಟ್ಟಿಲ ಮೇಲೆ ಕೂತು, "ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡ್ತದೆ. ನಾಳೆ ಗೋಡೆ ಕೈಗೆ ಬರ್ತದೆ. ಬಿಟ್ಬಿಡು ಮುರಿಯಲ್" ಅಂದ. ಇನ್ನೊಮ್ಮೆ ನೋಡೋಣ ಎಂದು ಗೋಗರೆದೆ. ಅವನು ಪಾನಾಗಳನ್ನು ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಹಾಕಿದ.

ಹಾಗಾಗಿ ಜೂನಿನಲ್ಲಿ ಸಿಲತ್ ಕಡಲತೀರ ಇಲ್ಲ ಕ್ಲಿಫ್. ಸಮುದ್ರದ ತಡೆಗೋಡೆ ಪಕ್ಕದ ನಮ್ಮ ಜಾಗ ಬೇರೆ ಯಾರಿಗಾದರೂ ಹೋಗಲಿ. ಅಲ್ಲಿ ಗಾಳಿಗೆ ಕೂತರೆ ನಿನ್ನ ತಲೆ ತಾನಾಗಿ ಸರಿಹೋಗುತ್ತದೆ ಎಂದು ಹಟ ಹಿಡಿದು ಕಾದಿಟ್ಟುಕೊಂಡಿದ್ದೆ. ಗುರುವಾರ ಗುಜರಿಯವನು ಎಳೆದೊಯ್ಯುತ್ತಾನೆ. ನಾನು ಇಲ್ಲಿರಬೇಕು, ಆಸ್ಪತ್ರೆಗೆ ಬರಲಾಗುವುದಿಲ್ಲ. ನಿನಗೆ ಕೋಪ ಬಂದರೆ ಬೈದುಬಿಡು.

ಫೋನು ಮಾಡಿದಾಗಲೆಲ್ಲ ಕೇಳುತ್ತೀಯ, "ನಾನು ನಲ್ಲಿ ತೆರೆದಿಟ್ಟಿದ್ದೆ ತಾನೇ?" ಎಂದು. ತೆರೆದಿಟ್ಟಿದ್ದೆ. ಎಲ್ಲ ನಲ್ಲಿಯ ಹಿಡಿಯೂ ನಡುಮಧ್ಯಕ್ಕೇ ಇತ್ತು, ಬಿಸಿಯದೂ ತಣ್ಣಗಿನದೂ ಎರಡೂ ಬಸಿಯುವ ಹಾಗೆ. ಶವರ್ ಕೆಳಗೆ ಬಿದ್ದುಕೊಂಡಿತ್ತು, ಮೆತ್ತೆಗಳು ಗಾಳಿಯಾಡಲಿ ಎಂದು ನಿಂತಿದ್ದವು. ನೀನು ಯಾವಾಗಲೂ ಮಾಡುವ ಹಾಗೇ ಎಲ್ಲ ಮಾಡಿದ್ದೀಯ. ಎಲ್ಲೋ ಮೂಲೆಯಲ್ಲಿ ನಿಂತ ನೀರು, ಈ ಸಲದ ಪಾಪಿ ಚಳಿ, ಅಷ್ಟೇ. ಒಮ್ಮೆ ಪಕ್ಕದ ಗಾಡಿಯ ನಾರ್ಮನ್ ನಲ್ಲಿ ಮುಚ್ಚಿಟ್ಟು ಹೋಗಿದ್ದಾಗ, "ಬೇಸಿಗೆಗೆ ಟವೆಲ್ ತಗೊಂಡು ಬಾರೋ, ಒಳಗೇ ಈಜಬಹುದು" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದೆಯಲ್ಲ, ಅದು ನೆನಪಾಯಿತು.

ಜಿಲ್ ಹಾಕಿದ್ದನ್ನು ಉಣ್ಣು, ಮೀನನ್ನು ಬೆಕ್ಕಿಗೆ ದಾಟಿಸಬೇಡ. ಗುರುವಾರ ನೀಲಿ ಸ್ವೆಟರ್ ಹಾಕಿಕೋ, ಅದರಲ್ಲಿ ನೀನು ಜಾಣನ ಹಾಗೆ ಕಾಣುತ್ತೀಯ. ಶುಕ್ರವಾರದ ರೈಲಿಗೆ ಬರುತ್ತೇನೆ. ಅಲ್ಲಿಯವರೆಗೆ ದೇವರು ನಿನ್ನ ಕೈ ಬಿಡದಿರಲಿ.

ಎಂದೆಂದೂ ನಿನ್ನವಳೇ
ಮುರಿಯಲ್

ತಾ.ಕ.: ಜಿಲ್, ಈ ಹಾಳೆಯನ್ನು ಗಟ್ಟಿಯಾಗಿ ಓದಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾನೆ, ನನಗೂ ಬಾಯಿ ಬರಲಿಲ್ಲ. ನಲ್ಲಿಗಳ ವಿಷಯ ಸುಳ್ಳು. ಎಲ್ಲವೂ ಬಿಗಿಯಾಗಿ ಮುಚ್ಚಿದ್ದವು, ಟ್ಯಾಂಕಿಗೆ ಕಂಠಪೂರ್ತಿ ನೀರು ತುಂಬಿಸಿತ್ತು. ಅವನು ಕೆಲಸ ಮರೆತಿರಲಿಲ್ಲ ಮಗಳೇ, ಅಕ್ಟೋಬರಿನಲ್ಲಿ ಮಾರ್ಚಿನ ಕೆಲಸ ಮಾಡಿ ಬಂದಿದ್ದ. ಇಬ್ಬರಿಗೂ ಹಾಸಿಗೆ ಹಾಸಿತ್ತು, ಬೂಷ್ಟು ಹಿಡಿದು ಕರ್ರಗಾಗಿದೆ. ಮೇಜಿನ ಮೇಲೆ ಎರಡು ಲೋಟ, ಎರಡರಲ್ಲೂ ಚಹಾದ ಪೊಟ್ಟಣ. ಅವತ್ತು ಮನೆಗೆ ಬಂದು, "ಎಲ್ಲಾ ರೆಡಿ, ಹೊರಡೋದೊಂದೇ ಬಾಕಿ" ಅಂದಿದ್ದ. ನಾನು ತಮಾಷೆ ಎಂದುಕೊಂಡು ಕೆಮ್ಮುತ್ತಲೇ ನಕ್ಕಿದ್ದೆ. ಆಗಿನ್ನೂ ಅವನು ಬಿದ್ದಿರಲಿಲ್ಲ. ಗುರುವಾರ ಅವನು ಹೊರಗೆ ಕೂತಿರುವಾಗ ನೀನೊಬ್ಬಳೇ ಒಳಗೆ ಹೋಗು. ಡಾಕ್ಟರಮ್ಮ ಕೇಳಿದರೆ ಕ್ರಿಸ್‌ಮಸ್ ಅನ್ನಬೇಡ. ಅಕ್ಟೋಬರ್ ಎಂದು ಹೇಳು.