ಬಲಸಾಲಿನ ಇಲಿಗಳು

ಮಾರ್ಚ್ 4, ಬೆಳಿಗ್ಗೆ 7

ಪಂಜರ ತೊಳೆದಾಯ್ತು. ಹನ್ನೆರಡು ಗಂಡಿಲಿಗಳ ತೂಕ ಬರೆದಾಯ್ತು. ಎಡಸಾಲಿನ ಆರಕ್ಕೆ ಮೇವಿನ ಜೊತೆ ಬಿಳಿ ಪುಡಿ. ಬಲಸಾಲಿನ ಆರಕ್ಕೆ ಬರೀ ಮೇವು. ಯಾವ ಪುಡಿಯೋ... ನನಗೆ ಹೇಳಬಾರದಂತೆ, ರೂಲ್ಸು. ಹತ್ತೊಂಬತ್ತು ವರ್ಷ ಲ್ಯಾಬಲ್ಲಿ ಇಲಿ ಸಾಕಿದವಳಿಗೇ ರೂಲ್ಸು!

ಬಲಗಡೆಯವನ್ನ ನೋಡಿ ಪಾಪ ಅನ್ನಿಸಿತು. ತಂಗಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಬೇಯಿಸಿದ ಸೋಯಾ ಕಾಳು ಮಿಕ್ಕಿತ್ತು. ಒಂದೊಂದಕ್ಕೆ ನಾಲ್ಕು ಹಾಕಿದೆ. ಮುಂಗಾಲಲ್ಲಿ ಹಿಡ್ಕೊಂಡು ತಿಂದವು, ಕಳ್ಳರು.

ಮಾರ್ಚ್ 9

ಇವತ್ತೂ ಕೊಟ್ಟೆ. ದಿನಾ ಕೊಡ್ತಿದ್ದೀನಿ.

ಮಾರ್ಚ್ 27, ಶುಕ್ರವಾರ

ಏನೋ ಎಡವಟ್ಟು. ಎಡಸಾಲಿನವು ಒಂದನ್ನೊಂದು ಮೂಸೋದು ಬಿಟ್ಟು ಮೂಲೆ ಸೇರಿ ವಾರ ಆಯ್ತು. ಈಗ ಬಲಸಾಲಿನವೂ ಹಾಗೇ! ಮೊದಲು ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಯಾಕಿರಬಹುದು? ಲೈಟು ನೋಡಿದೆ, ನೀರು ನೋಡಿದೆ. ತಲೆ ಕೆರೆದುಕೊಂಡದ್ದೇ ಬಂತು.

ಮಧ್ಯಾಹ್ನ ಪುಟ್ಟಿ ಡಾಕ್ಟ್ರು ಬಂದಳು, ಈ ಪ್ರಯೋಗ ನಡೆಸ್ತಿರೋ ಹುಡುಗಿ. ಇನ್ನೂ ಡಾಕ್ಟರ್ ಆಗಿಲ್ಲ, ಈ ಇಲಿಗಳಿಂದಲೇ ಆಗಬೇಕು. ಕೈಯಲ್ಲಿ ರಕ್ತದ ರಿಪೋರ್ಟು. ಮುಖ ಇಷ್ಟೇ ಇಷ್ಟಾಗಿತ್ತು.

"ಹಾರ್ಮೋನೂ ಎರಡೂ ಕಡೆ ಒಂದೇ ಥರ ಆಂಟಿ. ಪುಡಿಯಿಂದ ಏನೂ ಆಗಲ್ಲ ಅಂತಾಯ್ತು. ಸೋಮವಾರ ಹಾಗೇ ಬರೆದು ಕೊಡ್ತೀನಿ. ಮೂರು ವರ್ಷ ಮಣ್ಣುಪಾಲು."

"ಈಗಾದ್ರೂ ಹೇಳಮ್ಮ, ಯಾವ ಪುಡಿ ಅದು?"

"ಸೋಯಾದಿಂದ ತೆಗೆದದ್ದು. ಗಿಡದಲ್ಲೇ ಇರುತ್ತೆ, ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುತ್ತೆ."

ನನ್ನ ಡಬ್ಬಿಯಲ್ಲಿರೋದೂ ಅದೇ ಸೋಯಾ! ಡಬ್ಬಿಯನ್ನ ಚೀಲದೊಳಗೆ ತಳ್ಳಿದೆ. ಹೇಡಿ ನಾನು.

ಮಾರ್ಚ್ 29

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಆ ಹುಡುಗಿ ಸುಳ್ಳನ್ನ ನಿಜ ಅಂದ್ಕೊಂಡು ಬರೀತಾಳೆ. ಇದರ ನಡುವೆ ಕುತೂಹಲ ಬೇರೆ — ನಾಲ್ಕೇ ಕಾಳಿಗೆ ಇಲಿ ಹೀಗಾಗುತ್ತಾ? ನಾವು ಅಕ್ಕತಂಗಿ ತಟ್ಟೆ ತುಂಬ ತಿಂತೀವಿ. ಮಾತು ಒಂದು ಚೂರೂ ಕಮ್ಮಿಯಾಗಿಲ್ಲ.

ಮಾರ್ಚ್ 30, ಸಂಜೆ

ಅವಳು ಸೈನ್ ಹಾಕೋ ಮುಂಚೆ ಹೇಳಿಬಿಟ್ಟೆ. ಬೈಯಲಿಲ್ಲ. ಸ್ಟೂಲ್ ಮೇಲೆ ಕೂತು ಅತ್ತಳು. "ಈ ಬ್ಯಾಚು ಹೋಯ್ತು ಆಂಟಿ. ಮೊದಲಿಂದ ಮಾಡ್ಬೇಕು." ನಾನೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ದಿನಕ್ಕೆ ಎಷ್ಟು ಕಾಳು? ಯಾವತ್ತಿಂದ? ಹಾಗಾದ್ರೆ ಪುಡಿ ಕೆಲಸ ಮಾಡ್ತಿರಬಹುದಲ್ವಾ!" ತಕ್ಷಣ ಎದ್ದು ಪಂಜರದ ಮುಂದೆ ಕೂತಳು.

ತಪ್ಪಿನ ವರದಿ ನಾನೇ ಬರೆಯಬೇಕು. ಆಫೀಸಿನವರು ಅದನ್ನ ಓದಿಯೇ ನನ್ನ ಕೆಲಸದ ವಿಷಯ ತೀರ್ಮಾನ ಮಾಡೋದು. ದಿನಾಂಕ ತುಂಬಿದೆ. ಕಾಳು ಎಷ್ಟು ಅಂತ ತುಂಬಿದೆ. ಇನ್ನೊಂದೇ ಕಾಲಂ ಬಾಕಿ — ಯಾಕೆ ಕೊಟ್ಟಿರಿ? ಮೂರು ಸಲ ಬರೆದು ಹೊಡೆದು ಹಾಕಿದೆ. ಓದಿದವರು ನಗ್ತಾರೆ. ನಗಲಿ ಬಿಡು. ಇದ್ದದ್ದು ಇದ್ದ ಹಾಗೆ ಬರೆದೆ: ಪಾಪ ಅನ್ನಿಸಿತು.